ಮಾರ್ಚಿ ವಸೂಲಿ

"ಬಾಗಿಲ್ನ ಬುಟ್ಬುಡಿ ಬುದ್ದೀ, ಒಳಗ ಬಾಣ್ತಿ ಮಲಗವ್ಳ!"

"ಬಾಣಂತೀನ ಜಪ್ತಿ ಮಾಡ್ತಿಲ್ಲ ಕಣೇ ಮುಂಡೆ, ಬಾಗಿಲನ್ನ ಮಾಡ್ತಿರೋದು," ಎಂದ ಹೆಡ್ ಕ್ಲಾರ್ಕ್ ಕಮಲಾಕರ, ಮೂಗಿಗೆ ಒತ್ತಿದ್ದ ಕರವಸ್ತ್ರ ತೆಗೆಯದೆ. ಪಟ್ಟಣ ಪಂಚಾಯ್ತಿಯ ಇಬ್ಬರು ಜವಾನರು ಗುಡಿಸಲಿನ ಬಾಗಿಲು ಮೀಟುತ್ತಿದ್ದರು. ಪುಟ್ಟಮಾದಿ ಅಡ್ಡ ನಿಂತಳು. ಒಬ್ಬ ಅವಳ ಭುಜ ಹಿಡಿದು ನೂಕಿದ. ಅವಳು ಹೋಗಿ ಚರಂಡಿಯ ಅಂಚಿಗೆ ಬಿದ್ದಳು.

ಅವಳ ಗಂಡ ಬದುಕಿದ್ದಾಗ ಬಂದರಿನಿಂದ ಪೆಟ್ಟಿಗೆಯ ಹಲಗೆಗಳನ್ನು ಹೊತ್ತು ತಂದು ಬಡಿದಿದ್ದ ಬಾಗಿಲು ಅದು. ಕಿತ್ತು ಬಂದ ಕೂಡಲೇ ಒಳಗಿದ್ದದ್ದೆಲ್ಲ ಬೀದಿಗೆ ಕಂಡಿತು: ಎರಡು ಮಡಕೆ, ಒಂದು ಚಾಪೆ, ಚಾಪೆಯ ಮೇಲೆ ಮಗಳು ತುಂಗಾ, ಅವಳ ಎದೆ ಕಚ್ಚಿಕೊಂಡಿದ್ದ ಒಂಬತ್ತು ದಿನದ ಕೂಸು. ತುಂಗಾ ಸೆರಗೆಳೆದುಕೊಂಡು ಗೋಡೆಯ ಕಡೆ ಹೊರಳಿದಳು. ನೂಕಿದ್ದ ಜವಾನ ಇನ್ನೂ ನೋಡುತ್ತಲೇ ಇದ್ದ.

"ಮೂರು ವರ್ಷದ ಮನೆ ಕಂದಾಯ ಬಾಕಿ," ಎಂದ ಕಮಲಾಕರ. "ಮಾರ್ಚಿ ಮುಗಿಯೋದರೊಳಗೆ ವಸೂಲಿ ತೋರಿಸಿದ್ರೆ ಮಾತ್ರ ಮೇಲಿಂದ ಗ್ರಾಂಟು ಬರತ್ತೆ. ನಿಮ್ಮ ಬೀದಿಗೆ ದೀಪ ಹಾಕಿಸೋದಕ್ಕೇ ಕಣೇ ಇದೆಲ್ಲ."

"ಕಂಬ್ವೇ ಇಲ್ವಲ್ಲ ಬುದ್ದಿ. ನಲ್ಲಿ ನೆಟ್ಬುಟ್ಟು ಓದ್ರಿ, ಅದ್ರಲ್ಲಿ ಒಂದು ತೊಟ್ಟು ನೀರು ಕಾಣ್ಲಿಲ್ಲ ನಾವು."

"ಮದ್ರಾಸಲ್ಲಿ ನಮ್ಮ ಕನ್ನಡದೋಳು ಅಂತ ಎರಡು ವಾರ ಬಿಟ್ಟಿದ್ದೆ. ನಿಮ್ಮ ಜಾತಿಗೆ ಸಲಿಗೆ ಕೊಟ್ಟಿದ್ದೇ ತಪ್ಪು."

ಜವಾನರು ಬಾಗಿಲನ್ನು ತಳ್ಳುಗಾಡಿಗೆ ಎಸೆದರು.

ಪುಟ್ಟಮಾದಿ ಕೊಳ್ಳೇಗಾಲದ ಕಡೆಯವಳು. ಗಂಡನ ಹಿಂದೆ ಮದ್ರಾಸಿಗೆ ಬಂದು, ಮಣಲಿಯ ಆಚೆಯ ಉಪ್ಪುನೆಲದಲ್ಲಿ ಗುಡಿಸಲು ಹಾಕಿ ಇಪ್ಪತ್ತು ವರ್ಷವಾಗಿತ್ತು. ಈಗ ವ್ಯಾಪಾರಿ ವೀರಪ್ಪನ ಗೋಡೌನಿನಲ್ಲಿ ರಾಸಾಯನಿಕದ ಖಾಲಿ ಡ್ರಮ್ಮು ತೊಳೆಯುತ್ತಿದ್ದಳು. ಡ್ರಮ್ಮಿನ ತಳದಲ್ಲಿ ಉಳಿದ ಮದ್ದು ತಿಂದು ಬೆರಳ ತುದಿಗಳ ಚರ್ಮ ಬಿಳಿಚಿ ಸುಲಿದಿತ್ತು.

ಮಧ್ಯಾಹ್ನ, ಜೊತೆಗೆ ಡ್ರಮ್ಮು ತೊಳೆಯುವ ಕನ್ನಿಯಮ್ಮನ ಹತ್ತಿರ ಸಾಲ ತೆಗೆದ ಐದು ರೂಪಾಯಿ ಹಿಡಿದು ಪಂಚಾಯ್ತಿ ಕಚೇರಿಗೆ ಹೋದಳು. ಜವಾನ ಮೆಟ್ಟಿಲು ಹತ್ತಲು ಬಿಡಲಿಲ್ಲ. ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತಳು. ಒಳಗೆ ಕಾಫಿ ಕುಡಿಯುತ್ತಿದ್ದವನು ವೀರಪ್ಪ. ದನಿಯಲ್ಲೇ ಗೊತ್ತಾಯಿತು.

"ನಿಮ್ಮ ಐದು ಶೆಡ್ಡಿನ ಬಾಕಿ ಒಂದು ಬಂದ್ರೆ ಊರಿನ ಗುರಿ ಪೂರಾ ಮುಟ್ಟಿಬಿಡತ್ತೆ ಸಾರ್," ಎನ್ನುತ್ತಿದ್ದ ಕಮಲಾಕರ, ನಗುತ್ತ.

"ಹಂಗಂತ ನನ್ನ ಕುತ್ತಿಗಿಗೆ ಕೈ ಹಾಕ್ತೀರೇನ್ರಿ?"

"ಛೆ ಛೆ. ಹೋದೆವು, ಗೇಟಿಗೆ ಬೀಗ ಹಾಕಿತ್ತು ಅಂತ ಬರೆದಿದೀನಿ. ಹೋದ ವರ್ಷವೂ ಹಾಗೇ ಬರೆದದ್ದು."

"ಶಾಣ್ಯಾ ಅದೀರಿ. ಗುಡಸಲದಾವ್ರ ಕಡಿಂದ ಎಳೀರಿ, ಗುರಿ ಮುಟ್ಟತೈತಿ."

ಹೊರಗೆ ಬಂದ ವೀರಪ್ಪ ಅವಳನ್ನು ನೋಡಿದ. "ಏ ಮಾದಿ, ಕೆಲಸ ಬಿಟ್ಟು ಇಲ್ಲೇನ್ ಮಾಡಾಕತ್ತಿ?"

"ನನ್ ಬಾಗಿಲು, ಬುದ್ದಿ..."

"ಹರಾಜಿನ್ಯಾಗ ಕೂಗು, ಬರತೈತಿ. ಇವತ್ತಿನ ಅರ್ಧ ಕೂಲಿ ಇಲ್ಲ ನೋಡು ನಿನಗ." ಚಪ್ಪಲಿ ಮೆಟ್ಟಿಕೊಂಡು ಕಾರು ಹತ್ತಿದ. ಐದು ರೂಪಾಯಿಗೆ ಬಾಗಿಲು ಸಿಗುವುದಿಲ್ಲ ಎಂದು ಜವಾನ ಅವಳನ್ನು ಅಟ್ಟಿದ.

ಗುಡಿಸಲಿಗೆ ಮರಳಿದಾಗ ತುಂಗಾ ಮಲಗಿರಲಿಲ್ಲ. ಕೂಸನ್ನು ಬೆನ್ನಿನ ಹಿಂದೆ ಮಲಗಿಸಿ, ಒನಕೆ ಹಿಡಿದು ಬಾಗಿಲಿದ್ದ ಜಾಗದಲ್ಲಿ ಕೂತಿದ್ದಳು.

"ತಿರುಂಬ ವಂದಾನ್ ಅಮ್ಮಾ," ಎಂದಳು. ಇಲ್ಲೇ ಹುಟ್ಟಿದವಳು, ಬಾಯಿಗೆ ಮೊದಲು ಬರುವುದು ತಮಿಳೇ. ಆ ಜವಾನ ಮತ್ತೆ ಬಂದು ಬೀಡಿ ಮುಗಿಯುವ ತನಕ ನಿಂತು ನೋಡಿ ಹೋಗಿದ್ದನಂತೆ.

ಪುಟ್ಟಮಾದಿ ಉಟ್ಟಿದ್ದ ಸೀರೆ ಬಿಚ್ಚಿ ಅಡ್ಡ ಕಟ್ಟಿ, ಹರಕಲೊಂದನ್ನು ಸುತ್ತಿಕೊಂಡಳು. ಗಾಳಿ ಬಂದಾಗಲೆಲ್ಲ ಸೀರೆ ಹಾರುತ್ತಿತ್ತು. ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಬೀದಿಯಲ್ಲಿ ಹೆಜ್ಜೆ ಸಪ್ಪಳವಾದರೆ ಎದ್ದು ಹೋಗಿ ನೋಡುವಳು.

ಮರುದಿನ ಕೆಲಸಕ್ಕೆ ಬಂದವಳು ಡ್ರಮ್ಮು ಮುಟ್ಟಲಿಲ್ಲ. ವೀರಪ್ಪ ಪ್ಯಾರೀಸ್ ಕಾರ್ನರಿನ ಅಂಗಡಿಗೆ ಹೋಗಿದ್ದ, ಕಾವಲಿನವನು ಟೀ ಕುಡಿಯಲು. ಕಿಟಕಿಯ ಕೆಳಗೆ ಕೇಳಿದ್ದನ್ನು ಜೊತೆಯ ಹೆಂಗಸರಿಗೆ ಹೇಳಿದಳು. ಅವರಲ್ಲೂ ನಾಲ್ಕು ಜನರ ಮನೆಯಿಂದ ಮಡಕೆ, ತಪ್ಪಲೆ, ಒರಳು ಜಪ್ತಿಯಾಗಿ ಹೋಗಿದ್ದವು. ಹೇಳಿ ಮುಗಿಸಿ, ಡ್ರಮ್ಮಿನ ಮುಚ್ಚಳ ಮೀಟುವ ಹಾರೆ ತಗೊಂಡು ಸೀದಾ ಗೇಟಿಗೆ ನಡೆದಳು. ಆಳೆತ್ತರದ ತಗಡಿನ ಗೇಟು, ಒಂದು ಕದಕ್ಕೆ ಜೋತುಬಿದ್ದ ಸರಪಳಿ, ಬೀಗ. ಹಾರೆಯನ್ನು ಅಡಿಗೆ ಕೊಟ್ಟು ಮೀಟಿದಳು. ಕದ ಅಲುಗಿತು, ಏಳಲಿಲ್ಲ.

ಹೆಂಗಸರು ನೋಡುತ್ತ ನಿಂತಿದ್ದರು. "ಕೆಲ್ಸ ಓಯ್ತದ ಅಂತ ಎದ್ರುಕಂಡ್ರ? ನಿಂತ್ಕಳಿ, ನಿಮ್ ಬಾಗಿಲ್ಗೂ ಬತ್ತರ," ಎಂದಳು ಪುಟ್ಟಮಾದಿ.

"ತೂಕ್ಕು ಡೀ," ಎಂದು ಎತ್ತಲು ಮೊದಲು ಭುಜ ಕೊಟ್ಟವಳು ಕನ್ನಿಯಮ್ಮ. ದಿನಾ ಡ್ರಮ್ಮು ಉರುಳಿಸುವ ಕೈಗಳು. ಕದ ಕೀಲಿನಿಂದ ಕಳಚಿ ಬಂತು.

ಆರು ಜನ ಹೊತ್ತರು. ಬಜಾರಿನ ನಡುವೆ ಬಸ್ಸು ನಿಂತು ದಾರಿ ಬಿಟ್ಟಿತು. ಸೈಕಲ್ ರಿಪೇರಿಯವನು ಕೆಲಸ ಬಿಟ್ಟು ಹಿಂದೆ ಬಂದ. ಪಂಚಾಯ್ತಿಯ ಮೆಟ್ಟಿಲನ್ನು ಯಾರನ್ನೂ ಕೇಳದೆ ಹತ್ತಿ, ಕಮಲಾಕರನ ಮೇಜಿನ ಮುಂದೆ ಧಡಾರೆಂದು ಇಳಿಸಿದರು. ಫೈಲುಗಳ ಮೇಲಿನ ಧೂಳೆದ್ದಿತು.

"ಏನೇ ಇದು, ಸೂಳೇರಾ!"

"ಈರಪ್ಪನ ಗೇಟು. ನೀವು ಓದಾಗೆಲ್ಲ ಬೀಗ ಆಕಿರ್ತದಂತಲ್ಲ. ಬೀಗಾನೂ ತಂದಿವ್ನಿ, ನೋಡ್ಕಳಿ."

"ಕಳ್ಳತನ ಇದು! ಪೊಲೀಸಿಗೆ ಫೋನ್ ಮಾಡ್ತೀನಿ!"

"ಮಾಡಿ. ನಿನ್ನೆ ನೀವು ತಂದದ್ದು ಜಪ್ತಿ, ಇವತ್ತು ನಾವು ತಂದದ್ದು ಕಳ್ಳತನ್ವಾ? ರಸೀದಿ ಬರೀರಿ. ಐದು ಶೆಡ್ಡು ಅಂತ ಬರೀರಿ, ನಾನೇ ಕಸ ಗುಡ್ಸಿವ್ನಿ ಐದ್ರಲ್ಲೂ."

ಜವಾನ ಮುಂದೆ ಬಂದ. ಅದೇ ಜವಾನ. ಪುಟ್ಟಮಾದಿ ಹಾರೆಯನ್ನು ಕೈ ಬದಲಿಸಿದಳು. ಅವನು ಅಲ್ಲೇ ನಿಂತ.

ಕಮಲಾಕರ ಫೋನು ತಿರುಗಿಸಿದ. ಎರಡು ಸಲ ತಪ್ಪು ನಂಬರಿಗೆ ಹೋಯಿತು. ಹೆಂಗಸರು ತಗಡಿನ ಮೇಲೆ ಕಾಲು ಮಡಿಚಿ ಕೂತರು. ಕನ್ನಿಯಮ್ಮ ಎಲೆಯಡಿಕೆ ಬಿಚ್ಚಿದಳು.

ಅರ್ಧ ಗಂಟೆಗೆ ಹೊರಗೆ ಜೀಪು ನಿಂತ ಸದ್ದಾಯಿತು. ಬೂಟುಗಳು ಮೆಟ್ಟಿಲು ಹತ್ತುತ್ತಿದ್ದವು.

"ಬರೀರಿ," ಎಂದಳು ಪುಟ್ಟಮಾದಿ, ತಿರುಗಿ ನೋಡದೆ.