ದೊಡ್ಡಣ್ಣನ ಕಾಲಡಿಯ ಮಣ್ಣು

ದೊರೆಗಳು ಗಾಳಿ ತಿನ್ನಲು ಹೋಗುವ ಮದ್ರಾಸಿಗೆ ಚಿಕ್ಕಮುನಿಯಪ್ಪ ಮಣ್ಣು ತರಲು ಹೊರಟ. ಸುದ್ದಿ ಮೇಚೇರಿ ಸಂತೆಗೆ ಮುಟ್ಟಿದ ದಿನ ಕುರಿಗಳ ಕೂಗಿಗಿಂತ ಕುರಿ ಮಾರುವವರ ನಗುವೇ ಜೋರಾಗಿತ್ತು.

“ಯಾಕ್ಲಾ ಮುನಿಯಾ, ಮೇಚೇರಿ ಮಣ್ಣು ಮುಗ್ದೋಯ್ತಾ?” ಎಂದ ನಂಜಪ್ಪ. “ಗಂಡ ಎಂಡ್ತಿ ದೊರೆಗಳಂಗೆ ಬೀಚ್ ನೋಡಾಕ್ ಓಯ್ತೀವಿ ಅನ್ನು. ಮಣ್ಣಂತೆ ಮಣ್ಣು!”

ನಂಜಪ್ಪನಿಗೇನು, ಮದುವೆ ಅವನ ಮಗಳದ್ದಲ್ಲ. ಚಿಕ್ಕಮುನಿಯಪ್ಪನ ಮನೆತನದಲ್ಲಿ ಮದುವೆಯ ಹಾಲುಗಂಬ ನೆಡುವ ಗುಂಡಿಗೆ ಮೊದಲು ದೊಡ್ಡಣ್ಣನ ಕಾಲಡಿಯ ಮಣ್ಣು ಬೀಳಬೇಕು. ದೊಡ್ಡಣ್ಣ ಎಂದರೆ ಏಳು ತಲೆಮಾರಿನ ಹಿಂದೆ ಕುರಿಮಂದೆಗೆ ನುಗ್ಗಿದ ಹುಲಿಯನ್ನು ಕೊಂದು, ತಾನೂ ಸತ್ತು, ಕಾವೇರಿ ದಡದ ಹಳೇ ಊರಿನಲ್ಲಿ ವೀರಗಲ್ಲಾಗಿ ನಿಂತ ತಾತ. ಎರಡು ವರ್ಷದ ಹಿಂದೆ ಮೆಟ್ಟೂರಿನ ಅಣೆಕಟ್ಟು ಮುಗಿದು ನೀರು ಏರಿತು. ಊರು ಮುಳುಗಿತು, ಊರಿನವರು ಮೇಚೇರಿಗೆ ಬಂದರು, ಹಳೇ ಕಲ್ಲು ಹುಡುಕುವ ಆಫೀಸರೊಬ್ಬರು ದೊಡ್ಡಣ್ಣನನ್ನು ಲಾರಿ ಹತ್ತಿಸಿ ಮದ್ರಾಸಿನ ಮ್ಯೂಸಿಯಮ್ಮಿಗೆ ಕಳಿಸಿದರು. ಅರ್ಜಿಯನ್ನೇ ಹಾಕದ ತಾತನಿಗೆ ಸರ್ಕಾರಿ ಕೆಲಸ ಸಿಕ್ಕಿತು: ಹತ್ತರಿಂದ ಐದರವರೆಗೆ ನಿಂತಿರುವುದು.

ಈಗ ಮಗಳು ರತ್ನಿಗೆ ಕಡಯಂಪಟ್ಟಿಯ ಸಂಬಂಧ ಕೂಡಿಬಂದಿತ್ತು. ಬೀಗ ಪಾಪಣ್ಣ ಮಾತ್ರ ಕಲ್ಲಿಗಿಂತ ಗಟ್ಟಿ. “ದೊಡ್ಡಣ್ಣನ ಮಣ್ಣು ಬೀಳ್ದೆ ಕಂಬ ನೆಟ್ರೆ ಈ ಮದ್ವೆ ವೇಂಡಾಂ. ನಿಮ್ಮನೆ ಪದ್ಧತಿ ನೀವೇ ಬುಟ್ರೆ, ನಮ್ಮನೇದನ್ನ ನಿನ್ ಮಗ್ಳು ಉಳಿಸ್ಕೊಂತಾಳಾ?”

ಹಾಗಾಗಿ ತಾತನನ್ನು ಮದುವೆಗೆ ಕರೆಯಲು ಅರಿಶಿನದ ಅಕ್ಕಿಯ ಗಂಟೂ ಕಟ್ಟಿಕೊಂಡು ಗಂಡ ಹೆಂಡತಿ ಸೇಲಂನಲ್ಲಿ ರೈಲು ಹತ್ತಿದರು.

ಮ್ಯೂಸಿಯಮ್ಮಿಗೆ ಮದ್ರಾಸಿನ ಜನ ‘ಸತ್ತ ಕಾಲೇಜು’ ಅನ್ನುತ್ತಾರೆ ಎಂದು ಜಟಕಾದವನು ಹೇಳಿದ್ದ. ಒಳಗೆ ಮೊದಲು ಎದುರಾದದ್ದು ಒಂದು ತಿಮಿಂಗಿಲದ ಎಲುಬುಗೂಡು. ಅದರ ಪಕ್ಕೆಲುಬಿನೊಳಗೆ ಚಿಕ್ಕಮುನಿಯಪ್ಪನ ಕುರಿಹಟ್ಟಿಯನ್ನೇ ಕಟ್ಟಬಹುದಿತ್ತು. ಅವನಿಗೆ ಬಾಯಿ ಮುಚ್ಚುವುದೇ ಮರೆತುಹೋಯಿತು.

ಹೆಂಡತಿ ಸಪ್ಪಲಮ್ಮ ಕೈಮುಗಿದಳು. “ರತ್ನಿಯಪ್ಪಾ, ಉಲಿ ಕೊಂದೋನ್ಗೇ ಅಷ್ಟ್ ದೊಡ್ ಕಲ್ಲು ನಿಲ್ಸಿದ್ರಲ್ಲ, ಇದ್ನ ಕೊಂದೋನ್ ಕಲ್ಲು ಎಲ್ಲೈತೆ?”

ಇಬ್ಬರೂ ಕಲ್ಲುಗಳ ಸಾಲಿಗೆ ಬಂದರು. ಬೆಣ್ಣೆ ಬಣ್ಣದ ಕಲ್ಲಿನಲ್ಲಿ ಆನೆಗಳು ಮಂಡಿಯೂರಿದ್ದವು. ಬಟ್ಟೆಯಿಲ್ಲದ ಒಬ್ಬ ಮುನಿ ನಾಚಿಕೆಯೂ ಇಲ್ಲದೆ, ಅಹಂಕಾರವೂ ಇಲ್ಲದೆ ಸುಮ್ಮನೆ ನಿಂತಿದ್ದ. ಕಣ್ಣು ಮುಚ್ಚಿ ಕೂತಿದ್ದ ಮತ್ತೊಬ್ಬನ ತುಟಿಯಲ್ಲಿದ್ದ ನಗು ಎಷ್ಟು ಹಳೆಯದೋ, ಅದನ್ನು ಕಡೆದವನ ಊರು ಯಾವುದೋ. ಚಿಕ್ಕಮುನಿಯಪ್ಪ ತನಗೇ ಗೊತ್ತಿಲ್ಲದೆ ಹೆಜ್ಜೆಯ ಸದ್ದು ಇಳಿಸಿದ.

ಮೂಲೆಯಲ್ಲಿ ದೊಡ್ಡಣ್ಣ ಸಿಕ್ಕ. ಅದೇ ಮೀಸೆ, ಅದೇ ಹುಲಿ. ಚಿಕ್ಕಮುನಿಯಪ್ಪ ಓಡಿಹೋಗಿ ಕಾಲು ಹಿಡಿದ.

“ತೊಡಾದೇ!” ಕಾವಲುಗಾರ ಮುತ್ತುಸ್ವಾಮಿ ದೌಡಾಯಿಸಿದ. ಮುಟ್ಟಬೇಡ ಅನ್ನುವುದೇ ಮುತ್ತುಸ್ವಾಮಿಯ ಹೊಟ್ಟೆಪಾಡು.

ಮುಟ್ಟಿಯೂ ಪ್ರಯೋಜನವಿರಲಿಲ್ಲ. ತಾತನ ಕಾಲಡಿ ಇದ್ದದ್ದು ನುಣುಪಾದ ಸಿಮೆಂಟು. ಉಗುರಿನ ತುದಿಗೂ ಒಂದು ಚಿಟಿಕೆ ಮಣ್ಣು ಹತ್ತಲಿಲ್ಲ. ಇಲ್ಲಿ ದಿನಾ ಎರಡು ಸಲ ಒರೆಸುತ್ತೇವೆ ಎಂದು ಮುತ್ತುಸ್ವಾಮಿ ತಮಿಳಿನಲ್ಲಿ ಹೆಮ್ಮೆಯಿಂದ ಹೇಳಿದ. ಚಿಕ್ಕಮುನಿಯಪ್ಪನ ಕಣ್ಣ ಮುಂದೆ ಕಂಬವಿಲ್ಲದ ಚಪ್ಪರವೊಂದು ಕುಸಿದುಬಿತ್ತು.

“ಮಣ್ಣಿಲ್ದೆ ಓದ್ರೆ ರತ್ನಿ ಮುಖ ಎಂಗ್ ನೋಡ್ಲಿ ಸಪ್ಪಲೀ?”

“ಬಂದ್ ಕೆಲ್ಸ ಅರ್ಧನಾದ್ರೂ ಆಗ್ಲಿ. ತಾತನ್ನ ಮದ್ವೆಗ್ ಕರೀರಿ.” ಅವಳು ಗಂಟು ಬಿಚ್ಚಿ ಅವನ ಕೈಗೆ ಅಕ್ಕಿ ಕೊಟ್ಟಳು. ಅವನು ಕಲ್ಲಿನ ಮುಂದೆ ನಾಲ್ಕು ಕಾಳು ಇಟ್ಟು ಮೆಲ್ಲಗೆ ಕರೆದ. ಅಷ್ಟರಲ್ಲಿ ಅವಳು ಸುತ್ತ ನೋಡಿ ಗಾಬರಿಯಾದಳು. “ಅಯ್ಯೋ, ಒಂದ್ ಬೀದೀಲಿ ಒಬ್ರನ್ನ ಕರ್ದು ಪಕ್ಕದ್ ಮನೇವ್ರನ್ನ ಬುಡಾದಾ? ತಾತನ್ ಮರ್ಯಾದೆ ಏನಾಯ್ತದೆ?”

ಹೌದಲ್ಲ! ಅವನು ಆ ಸಾಲಿನ ಬುದ್ಧ, ಜಿನ, ನಂದಿ, ಕೈ ಮುರಿದ ದೇವಿ, ತಲೆಯೇ ಇಲ್ಲದ ರಾಜ ಎಲ್ಲರ ಮುಂದೂ ನಿಂತು ಕರೆದ. “ಸಾವಿರಾರು ವರ್ಷ್ದಿಂದ ನಿಂತಿದೀರಿ, ನಮ್ಮನೇಗ್ ಬಂದು ಒಂದ್ಗಳ್ಗೆ ಕೂತ್ಕಳಿ.” ಮುತ್ತುಸ್ವಾಮಿ ಬಯ್ಯಲು ಹಿಂದೆಯೇ ಬಂದವನು ನಾಲ್ಕನೇ ಕಲ್ಲಿನ ಹೊತ್ತಿಗೆ ಸುಮ್ಮನಾದ. ಎಂಟನೆಯದರ ಹೊತ್ತಿಗೆ ಬಾಗಿಲ ಹಿಂದಿನ ಇನ್ನೊಂದು ನಂದಿ ಉಳಿದುಹೋಯಿತು ಎಂದು ತಾನೇ ತೋರಿಸಿದ. ಹೊರಡುವಾಗ, ಮಣ್ಣು ಬೇಕಾದರೆ ಸಮುದ್ರದ ಕಡೆ ಹೋಗಿ, ಅಲ್ಲಿ ಯಾರೂ ಒರೆಸುವುದಿಲ್ಲ ಎಂದ. ಅದರಲ್ಲಿ ತಮಾಷೆ ಎಷ್ಟು, ಮರುಕ ಎಷ್ಟು, ಅವನಿಗೇ ಗೊತ್ತಿರಲಿಲ್ಲ.

ಬೆಸ್ತರ ದೋಣಿಗಳನ್ನು ದಾಟಿ, ಜನವೇ ಇಲ್ಲದ ಮರಳಿಗೆ ಬಂದರು. ಚಿಕ್ಕಮುನಿಯಪ್ಪ ಕಂಡಿದ್ದ ದೊಡ್ಡ ನೀರು ಎಂದರೆ ಮೆಟ್ಟೂರಿನದು. ಅದರಡಿಯಲ್ಲಿ ಎಲ್ಲಿ ಬಾವಿ, ಎಲ್ಲಿ ಹುಣಸೆಮರ, ಎಲ್ಲಿ ತನ್ನ ಮನೆಯ ಹೊಸ್ತಿಲು ಎಂದು ಕಣ್ಣು ಮುಚ್ಚಿ ಹೇಳಬಲ್ಲ. ಈಗ ಎದುರಿಗೆ ಆಕಾಶದ ತನಕ ನೀರು. ಅವನು ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟ.

“ಸಪ್ಪಲೀ, ಇದ್ರ ಕೆಳ್ಗೆ ಎಷ್ಟ್ ಊರವೋ!”

ಇಬ್ಬರೂ ಸಾವಿನ ಮನೆಯ ಅಂಗಳದಲ್ಲಿ ನಿಂತಂತೆ ನಿಂತರು. ಅಲೆಯೊಂದು ಬಂದು ಹಿಂದೆ ಸರಿಯುತ್ತಾ ಅವನ ಹಿಮ್ಮಡಿಯ ಕೆಳಗಿನ ನೆಲವನ್ನು ಎಳೆದುಕೊಂಡಿತು. ಊರು ಬಿಟ್ಟ ದಿನ ಕಾಲಡಿ ಹೀಗೇ ಆಗಿತ್ತು. ಅವನು ಹೆಂಡತಿಯ ತೋಳು ಹಿಡಿದ. ಮುಂದಿನ ಅಲೆ ಬಂದು ಅವನ ಪಾದದ ಮೇಲೆ ಒಂದು ಹಿಡಿ ಮರಳು ಇಟ್ಟುಹೋಯಿತು.

ಸಪ್ಪಲಮ್ಮ ಬಗ್ಗಿ ನೋಡಿದಳು. “ಕಾವೇರಿ ಕೊನೇಗ್ ಈ ನೀರ್ಗೇ ತಾನೆ ಬರಾದು? ತಾತನ್ನ ಲಾರೀಲಿ ತಂದ್ರು. ಅವ್ನ್ ಕಾಲಡಿ ಮಣ್ಣು ಒಳೇಲಿ ಬಂದೈತೆ.”

ಅವನು ಪಾದದ ಮೇಲಿಂದಲೇ ಆ ಮರಳನ್ನು ಬಾಚಿ ರುಮಾಲಿನಲ್ಲಿ ಕಟ್ಟಿದ.

ಮದುವೆಯ ದಿನ ಗುಂಡಿಯ ಬಳಿ ಪಾಪಣ್ಣ ಗಂಟು ಬಿಚ್ಚಿ, ಎರಡು ಕಾಳು ನಾಲಿಗೆಗೆ ಹಾಕಿ ಹುಬ್ಬು ಗಂಟಿಕ್ಕಿದ. “ಉಪ್ಪೈತಲ್ಲ ಬೀಗ್ರೇ?”

ಚಿಕ್ಕಮುನಿಯಪ್ಪ ಹೆಂಡತಿಯ ಕಡೆ ನೋಡಿದ. ಸಪ್ಪಲಮ್ಮನೇ ಮುಂದೆ ಬಂದಳು. “ನಮ್ಮೂರಿಂದ ಸಮುದ್ರದ್ ಗಂಟ ನಡ್ದೈತಣ್ಣ. ಬೆವ್ರಲ್ವಾ?”

ಪಾಪಣ್ಣ ಗಂಟಿನಲ್ಲಿದ್ದ ಮಣ್ಣನ್ನು ನೋಡಿದ. “ಅಷ್ಟ್ ದೂರಾನಾ?” ಎಂದ, ತನಗೇ ಹೇಳಿಕೊಂಡಂತೆ. ಆಮೇಲೆ ತನ್ನ ತಲೆಯ ರುಮಾಲು ತೆಗೆದು, ಒಂದು ಕಾಳೂ ಚೆಲ್ಲದಂತೆ ಬಗ್ಗಿ, ಮಣ್ಣನ್ನು ಗುಂಡಿಗೆ ಇಳಿಸಿದ.