ಮೊದಲ ಗುಟುಕು

ಚರ್ಚಿನ ಪಾತ್ರೆ ತೊಳೆಯುವ ಕೆಲಸ ಮುತ್ತಮ್ಮನ ಪಾಲಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಕೊಟ್ಟಿಗೆಹಾರದ ಆಚೆ, ಎಸ್ಟೇಟಿನ ಲೈನುಮನೆಗಳವರಿಗೆಂದು ಕಟ್ಟಿದ ತಗಡಿನ ಮಾಡಿನ ಚರ್ಚು ಅದು. ಒಣದ್ರಾಕ್ಷಿ ನೆನೆಸಿ, ಹುಳಿ ಬರಿಸಿ, ಕರ್ತನ ಭೋಜನಕ್ಕೆ ದ್ರಾಕ್ಷಾರಸ ಮಾಡುವವಳೂ ಅವಳೇ. ಒಂದೇ ಪಾತ್ರೆಯಿಂದ ಎಲ್ಲರೂ ಕುಡಿಯುವ ಆ ಪದ್ಧತಿ ಅವಳಿಗೆ ಬಾಯಿಪಾಠ. ಮೊದಲ ಗುಟುಕು ಸಭೆಯ ಪಾದ್ರಿ ಅಯ್ಯನವರದು, ಆಮೇಲೆ ಜನರದು, ತಳದಲ್ಲಿ ಉಳಿದದ್ದು ಮತ್ತೆ ಅಯ್ಯನವರದೇ. ಆಶೀರ್ವದಿಸಿದ ರಸವನ್ನು ಚೆಲ್ಲುವಂತಿಲ್ಲ. ಹಾಗಾಗಿ ಪಾತ್ರೆ ಅವಳ ಕೈಗೆ ಬರುವಾಗ ಬರಿದಾಗಿಯೇ ಬರುತ್ತಿತ್ತು.

ಈ ವರ್ಷ ಈಸ್ಟರಿನ ಮುಂಚಿನ ನಲವತ್ತು ದಿನದ ಲೆಂಟೂ ರಂಜಾನೂ ಒಂದೇ ವಾರದಲ್ಲಿ ಶುರುವಾದವು. ಲೆಂಟಿನ ಮೊದಲ ಭಾನುವಾರ ಪಾತ್ರೆ ಅರ್ಧ ತುಂಬಿಯೇ ಬಂತು. ಚೆಲ್ಲಲು ಕೈ ಬಾರದೆ ಮುತ್ತಮ್ಮ ತಾನೇ ಕುಡಿದಳು. ಕದ್ದವಳಂತೆ ಬಾಗಿಲ ಕಡೆ ನೋಡಿದಳು. ಆಗ ಅವಳಿಗೆ ನೆನಪಾಯಿತು: ಅಯ್ಯನವರು ಪಾತ್ರೆಯನ್ನು ತುಟಿಗೆ ತಾಗಿಸಿದ್ದು ನಿಜ, ಗಂಟಲು ಅಲುಗಿರಲಿಲ್ಲ.

ಜಯಪ್ರಕಾಶ್ ಅಯ್ಯನವರೆಂದರೆ ಅವಳಿಗೆ ಪ್ರಾಣ. ಗಂಡ ತೀರಿಕೊಂಡಾಗ ಮೂರು ದಿನ ಲೈನಿನಲ್ಲೇ ಉಳಿದು, ಅವಳಿಗೆ ಗಂಜಿ ಕುಡಿಸಿದವರು ಅವರು.

ಸಭೆಯ ಹಿರಿಯ ಯೋಗೇಶನ ಬಾಯಿಗೆ ಮಾತ್ರ ಬೀಗವಿರಲಿಲ್ಲ. "ಗೊತ್ತಿಲ್ವಾ ಮುತ್ತಕ್ಕ? ಅಯ್ನೋರ ಬೈಕು ಪ್ರತಿ ಶುಕ್ರವಾರ ಮಸೀದಿ ಮುಂದೆ. ಭಾನುವಾರ ಇಲ್ಲಿ. ಶನಿವಾರ ಒಂದು ಖಾಲಿ ಇದೆ ನೋಡಿ, ಆಂಜನೇಯನ ಗುಡಿಗೆ ಕೊಟ್ರಾಯ್ತು."

"ನಿನ್ನ ನಾಲಗೆಗೆ ಸುಣ್ಣ ಹಚ್ಚ!" ಎಂದು ಬೈದಳು. ಆದರೆ ಮರುದಿನವೇ ಮಸೀದಿಯ ಮೆಟ್ಟಿಲ ಬಳಿ ಹೋಗಿ ನಿಂತಳು.

ನಮಾಜು ಮಾಡಿಸುವ ಮೊಯ್ದಿನಬ್ಬ ಉಸ್ತಾದರು ಅವಳಿಗೆ ಸ್ಟೂಲು ಹಾಕಿಸಿದರು. "ನಿಮ್ಮ ಅಯ್ನೋರನ್ನ ಬನ್ನಿ ಅಂತ ಕರೆದದ್ದು ನಾನೇ ಅಮ್ಮ. ಎರಡು ವರ್ಷದ ಹಿಂದೆ ಆನೆ ರಸ್ತೆಗೆ ನಿಂತ ದಿನ ಇಲ್ಲೇ ಉಳಕೊಂಡ್ರು. ಬೆಳಗಿನ ನಮಾಜಿಗೆ ಹಿಂದಿನ ಸಾಲಲ್ಲಿ ಕೂತ್ರು. ನೆಲಕ್ಕೆ ಹಣೆ ಹಚ್ಚಿದವ್ರು ಮಗು ಹಾಗೆ ಅತ್ರು. ಈಗ ಉಪವಾಸ ಹಿಡೀತಾರೆ, ಹಗಲು ಹನಿ ನೀರೂ ಇಲ್ಲ. ನಮ್ಮ ಧರ್ಮಕ್ಕೆ ಸೇರೋ ಕಲಿಮಾನೂ ಹೇಳಿದ್ರು. ನಂಗೆ ಸಂತೋಷ ಆಗ್ಬೇಕಿತ್ತು, ನಿದ್ದೆನೇ ಹಾರಿಹೋಯ್ತು."

"ಯಾಕೆ ಸಾಬ್ರೇ?"

"ಚರ್ಚಲ್ಲೀದನ್ನ ಬಿಟ್ರಾ ಅಂತ ಕೇಳಿದೆ. ಆಗಲ್ಲ ಅಂದ್ರು. ದೇವರಿಗೆ ಮಗ ಇಲ್ಲ ಅಂತ ಇಲ್ಲಿ ಹೇಳೋದು, ಇದ್ದಾನೆ ಅಂತ ಅಲ್ಲಿ ಹೇಳೋದು. ಒಂದೇ ಬಾಯಲ್ಲಿ ಎರಡು ಹ್ಯಾಗಮ್ಮ? ನಮಾಜಿಗೆ ಬರೋ ಜನಕ್ಕೆ ನಾನು ಏನು ಹೇಳ್ಲಿ?"

ಮುತ್ತಮ್ಮನಿಗೆ ಅಷ್ಟು ಆಳಕ್ಕೆ ಇಳಿಯಲಾಗಲಿಲ್ಲ. ಏಳುವಾಗ ಒಂದು ಮಾತು ಕೇಳಿದಳು: "ಹುಳಿ ಬಂದು ಮತ್ತೇರಿಸೋ ರಸ ನಿಮ್ಮಲ್ಲಿ ಕುಡಿಯೋ ಹಂಗಿಲ್ಲ ಅಲ್ವಾ?" ಅವರು ತಲೆಯಾಡಿಸಿದರು. ಆ ಒಂದು ಎಳೆಯನ್ನು ಹಿಡಿದುಕೊಂಡು ಅವಳು ಮನೆಗೆ ಬಂದಳು.

ಮುಂದಿನ ಭೋಜನದ ಭಾನುವಾರ ಅವಳ ಮೊಮ್ಮಗಳು ಧನ್ಯಾಳಿಗೆ ಮೊದಲನೆಯದು. ಅಯ್ಯನವರ ಕೈಯಿಂದಲೇ ಆಗಬೇಕೆಂದು ಹುಡುಗಿ ವರ್ಷವೆಲ್ಲ ಕಾದಿದ್ದಳು. ಬೆಳಗ್ಗೆ ತೋಟದಲ್ಲಿ ಕಾಫಿ ಹೂ ಬಿರಿದು ಗಾಳಿಯೆಲ್ಲ ಘಮಘಮ. ಮುತ್ತಮ್ಮ ಚರ್ಚಿನ ಹಿಂದಿನ ಕೋಣೆಗೆ ಹೋಗಿ ಅಯ್ಯನವರ ಮುಂದೆ ಸೀಸೆ ಇಟ್ಟಳು.

"ಹುಳಿ ಬರಿಸಿಲ್ಲ ಅಯ್ನೋರೇ. ರಾತ್ರಿ ನೆನೆಸಿ ಈಗ ಹಿಂಡಿದ್ದು. ಬರೀ ದ್ರಾಕ್ಷಿ ನೀರು. ಇದನ್ನ ಕುಡಿದ್ರೆ ಯಾರಿಗೂ ದ್ರೋಹ ಇಲ್ಲ."

ಅಯ್ಯನವರು ಸೀಸೆಯನ್ನೇ ನೋಡುತ್ತ ಕುಳಿತರು. ಕೆನ್ನೆ ಒಳಗಿಳಿದಿತ್ತು, ತುಟಿ ಒಡೆದಿತ್ತು.

"ನಿಮಗೆ ಎಲ್ಲ ಗೊತ್ತಾ ಮುತ್ತಮ್ಮ?"

"ಪಾತ್ರೆ ತೊಳೆಯೋಳಿಗೆ ಗೊತ್ತಾಗ್ದೆ ಇರ್ತದಾ?"

"ಹುಳಿ ಒಂದೇ ತೊಡಕಾಗಿದ್ರೆ ಸುಲಭ ಇತ್ತು. ಹಗಲು ಕುಡಿದು ಉಪವಾಸ ಮುರಿದ್ರೆ, ಅದನ್ನೂ ಇನ್ನೊಂದು ದಿನ ಹಿಡಿದು ತೀರಿಸ್ಬಹುದು. ಆದ್ರೆ ಇದು ಕ್ರಿಸ್ತನ ರಕ್ತ ಅಂತ ನಾನು ಹೇಳಿ ಕುಡೀಬೇಕಲ್ಲ. ಅಲ್ಲಿ ಹಣೆ ಹಚ್ಚಿದಾಗ ಸಿಕ್ಕಿದ್ದು ಸುಳ್ಳಲ್ಲ. ಇಲ್ಲಿ ನಲವತ್ತು ವರ್ಷ ಅತ್ತಿದ್ದೂ ಸುಳ್ಳಲ್ಲ. ಎರಡನ್ನೂ ಹಿಡಿದು ನಿಮ್ಮೆದುರು ನಿಂತವನು ಮಾತ್ರ ಸುಳ್ಳ."

"ಧನ್ಯಾ ಕಾಯ್ತಿದಾಳೆ," ಎಂದಷ್ಟೇ ಅಂದಳು ಮುತ್ತಮ್ಮ.

ಆರಾಧನೆ ನಡೆಯಿತು. ಧನ್ಯಾ ಬಲ ಅಂಗೈಯನ್ನು ಎಡ ಅಂಗೈ ಮೇಲಿಟ್ಟು ಮೊದಲ ಸಾಲಿನಲ್ಲಿ ಮೊಣಕಾಲೂರಿದಳು. ಅಯ್ಯನವರು ಮೇಜಿನ ಹಿಂದೆ ನಿಂತು ಪಾತ್ರೆಯ ಮೇಲೆ ಕೈಯಿಟ್ಟರು. ಪ್ರಾರ್ಥನೆ ಶುರುವಾಗಲಿಲ್ಲ. ಯೋಗೇಶ ಕೆಮ್ಮಿದ. ಎತ್ತದೆಯೇ ಅವರು ಪಾತ್ರೆಯಿಂದ ಕೈ ತೆಗೆದರು.

"ನಾನು ಮೊದಲು ಕುಡಿಯದೆ ನಿಮಗೆ ಕೊಡುವ ಹಾಗಿಲ್ಲ. ಕುಡಿಯೋಕೆ ನನ್ನಿಂದ ಆಗ್ತಿಲ್ಲ. ಬೇರೆ ಅಯ್ಯನವರನ್ನ ಕಳಿಸಿ ಅಂತ ಮೇಲಿನವರಿಗೆ ಬರೀತೀನಿ. ಕ್ಷಮಿಸಿ."

ಕೊರಳ ಪಟ್ಟಿಯನ್ನು ತೆಗೆದು, ಮಡಚಿ, ಮುತ್ತಮ್ಮನ ಕೈಗಿತ್ತು ಪಕ್ಕದ ಬಾಗಿಲಿಂದ ಹೊರಗೆ ಹೋದರು.

"ಅಜ್ಜಿ, ನಂಗಿವತ್ತು ಇಲ್ವಾ?" ಧನ್ಯಾಳ ಕೈ ಇನ್ನೂ ಹಾಗೇ ಚಾಚಿತ್ತು.

ಸಂಜೆ ಮುತ್ತಮ್ಮ ಆ ರಸವನ್ನು ಲೋಟಕ್ಕೆ ಬಗ್ಗಿಸಿಕೊಂಡು ಅಯ್ಯನವರ ಮನೆಗೆ ನಡೆದಳು. ಆಶೀರ್ವದಿಸದೆ ಉಳಿದ ರಸ, ಯಾರಿಗೆ ಕೊಟ್ಟರೂ ಪಾಪವಿಲ್ಲ. ಅವರು ಜಗಲಿಯಲ್ಲಿ ಒಬ್ಬರೇ ಕುಳಿತಿದ್ದರು. ಅಷ್ಟರಲ್ಲಿ ಕೊಟ್ಟಿಗೆಹಾರದ ಕಡೆಯಿಂದ ಮಸೀದಿಯ ಬಾಂಗು ಕೇಳಿಸಿತು.

"ಉಪವಾಸ ಬಿಡೋ ಹೊತ್ತಾಯ್ತು. ಕುಡೀರಿ," ಎಂದು ಲೋಟ ಚಾಚಿದಳು.

ಅವರು ಎರಡೂ ಕೈಯಲ್ಲಿ ಅದನ್ನು ಹಿಡಿದರು. ಕುಡಿಯುವ ಮುಂಚೆ ದೇವರ ಹೆಸರಲ್ಲಿ ಒಂದು ಮಾತು ಹೇಳುವುದು ಅವರ ಜನ್ಮದ ಅಭ್ಯಾಸ. ತುಟಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಬಾಂಗು ಮುಗಿಯಿತು. ಲೋಟ ಇನ್ನೂ ತುಂಬಿಯೇ ಇತ್ತು.

ಮುತ್ತಮ್ಮ ಸೆರಗು ತಲೆಗೆ ಹೊದ್ದು ಮೆಟ್ಟಿಲ ಮೇಲೆ ಕುಳಿತಳು. ಖಾಲಿ ಲೋಟ ತೊಳೆದಿಟ್ಟೇ ಅವಳು ಮನೆಗೆ ಹೋಗಬೇಕಿತ್ತು.