ಅಲುಗಾಡದ ಗೊಂಬೆಗಳು

ಮಧ್ಯಾಹ್ನದ ಊಟವಾದ ಮೇಲೆ ಗೋಡೆಯ ಆಚೆಯ ತರಗತಿಯಲ್ಲಿ ಮಕ್ಕಳ ಸದ್ದು ಅಡಗುತ್ತಿದ್ದಂತೆ ಈಚೆ ದೊಡ್ಡ ಮಿಸ್‌ಗೆ ಹೊಟ್ಟೆಯಲ್ಲಿ ಕೆಂಡ ಬೀಳುತ್ತಿತ್ತು. ಅದೇ ವಯಸ್ಸಿನ ಮಕ್ಕಳು ಅವಳ ಕೋಣೆಯಲ್ಲಿ ಸಂತೆ ನೆರೆಸಿರುತ್ತಿದ್ದರು.

ಆ ಶಿಶುಶಾಲೆಗೆ ಅವಳು ಹಳಬಳು. ಮೂಗು ಒರೆಸುವುದು, ಒದ್ದೆ ಚಡ್ಡಿ ಬದಲಿಸುವುದು, ಅಳುವ ಕೂಸನ್ನು ಸೊಂಟಕ್ಕೇರಿಸಿಕೊಂಡೇ ಉಳಿದವರಿಗೆ ಹಾಡು ಹೇಳಿಕೊಡುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ನಿನ್ನೆ ಮೊನ್ನೆ ಆಚೆ ತರಗತಿಗೆ ಬಂದ ಚಿಕ್ಕ ಮಿಸ್ ಪಿಸುದನಿಯಲ್ಲಿ ಏನೋ ಅನ್ನುತ್ತಾಳೆ, ಮಕ್ಕಳು ಚಾಪೆಯ ಮೇಲೆ ಅಂಗಾತ ಮಲಗುತ್ತಾರೆ. ಅದಕ್ಕೆ ಧ್ಯಾನ ಎಂದು ಹೆಸರು ಬೇರೆ. ಮುಖ್ಯಸ್ಥೆಯಂತೂ ಕರಗಿಯೇ ಹೋಗಿದ್ದರು. ಮುಂದಿನ ವಾರದಿಂದ ಊಟದ ನಂತರ ಎರಡೂ ತರಗತಿಗಳನ್ನು ಚಿಕ್ಕ ಮಿಸ್‌ಗೇ ಒಪ್ಪಿಸುವ ಮಾತು ತೆಗೆದರು.

"ನನ್ನ ಮಕ್ಕಳನ್ನ ನಾನೇ ನೋಡ್ಕೋತೀನಿ ಮೇಡಂ. ಶುಕ್ರವಾರ ಬಂದು ನೋಡಿ, ಆಮೇಲೆ ಹೇಳಿ" ಎಂದಳು ದೊಡ್ಡ ಮಿಸ್.

ಚಿಕ್ಕ ಮಿಸ್ ತಾನಾಗಿಯೇ ಬಂದು, ಒಂದು ದಿನ ಜೊತೆಗೆ ಕೂತರೆ ಸಾಕು, ಏನೂ ಕಷ್ಟವಿಲ್ಲ ಅಕ್ಕ ಎಂದಿದ್ದಳು. ಏನೂ ಕಷ್ಟವಿಲ್ಲವಂತೆ. ದೊಡ್ಡ ಮಿಸ್‌ಗೆ ಆ ಮಾತು ಸೇರಲಿಲ್ಲ. ಪುರುಸೊತ್ತಿಲ್ಲವೆಂದು ಸಾಗಹಾಕಿ, ಆಮೇಲೆ ಪಕ್ಕದ ಬಾಗಿಲ ಗಾಜಿನಿಂದ ಕಳ್ಳಬೆಕ್ಕಿನ ಹಾಗೆ ಇಣುಕಿದಳು. ಪ್ರತಿ ಮಗುವಿನ ಹೊಟ್ಟೆಯ ಮೇಲೂ ಒಂದು ಬಟ್ಟೆಯ ಗೊಂಬೆ. ಮಕ್ಕಳ ಕಣ್ಣೆಲ್ಲ ಗೊಂಬೆಯ ಮೇಲೆ. ಒಳಗಿನ ಮಾತು ಗಾಜು ದಾಟಿ ಬರಲಿಲ್ಲ. ಇಷ್ಟೇ ತಾನೇ, ಗೊಂಬೆ ಬೀಳದ ಹಾಗೆ ಮಲಗುವುದು, ಎಂದುಕೊಂಡು ಹಿಂದಿರುಗಿದಳು. ನವಿಲು ಕುಣಿಯಿತೆಂದು ಕೆಂಬೂತ ಪುಕ್ಕ ತರೆದುಕೊಂಡಿತು ಎಂದು ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ.

ಮರುದಿನವೇ ತನ್ನ ಮಕ್ಕಳಿಗೂ ಗೊಂಬೆ ಹಂಚಿದಳು. ಯಾರ ಗೊಂಬೆ ಒಂಚೂರೂ ಅಲ್ಲಾಡುವುದಿಲ್ಲವೋ ಅವರ ಕೈಗೆ ನಕ್ಷತ್ರ ಅಂಟಿಸುವುದಾಗಿ ಹೇಳಿದಳು. ಸಂತೆ ತಟ್ಟನೆ ನಿಂತಿತು. ಎಲ್ಲರಿಗಿಂತ ಹೆಚ್ಚು ನಕ್ಷತ್ರ ಗೆದ್ದವಳು ಗುಬ್ಬಿ. ಶಾಲೆಗೆ ಸೇರಿದಾಗ ದೊಡ್ಡ ಮಿಸ್ಸಿನ ಸೆರಗು ಬಿಡದೆ ಓಡಾಡಿದ್ದ ಹುಡುಗಿ. ಈಚೆಗೆ ಅವಳೂ ಪಕ್ಕದ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದುದು ದೊಡ್ಡ ಮಿಸ್‌ಗೆ ಗಾಯಕ್ಕೆ ಉಪ್ಪು ಸವರಿದ ಹಾಗಾಗಿತ್ತು.

ಶುಕ್ರವಾರ ಮುಖ್ಯಸ್ಥೆ ಬಂದರು. ಹಿಂದೆಯೇ ಚಿಕ್ಕ ಮಿಸ್. ಕೋಣೆಯಲ್ಲಿ ಸೊಳ್ಳೆ ಹಾರಿದರೂ ಕೇಳುವಷ್ಟು ಮೌನ. ಸಾಲು ಸಾಲು ಗೊಂಬೆಗಳು ಕಲ್ಲಿನಂತೆ ಕೂತಿದ್ದವು.

"ಪರವಾಗಿಲ್ವೇ, ಪಕ್ಕದ ಕ್ಲಾಸನ್ನೂ ಮೀರಿಸಿಬಿಟ್ರಿ. ಹಾಗಾದ್ರೆ ಇವರು ನಿಮ್ಮ ಹತ್ರಾನೇ ಇರಲಿ" ಎಂದರು ಮುಖ್ಯಸ್ಥೆ.

ದೊಡ್ಡ ಮಿಸ್ ಚಿಕ್ಕವಳ ಮುಖ ನೋಡಿದಳು. ಅದು ಬಾಡಿರಬೇಕೆಂದು ಅವಳ ಆಸೆ. ಚಿಕ್ಕವಳು ಇವಳನ್ನು ನೋಡುತ್ತಲೇ ಇರಲಿಲ್ಲ, ಗುಬ್ಬಿಯನ್ನು ನೋಡುತ್ತಿದ್ದಳು. ದೊಡ್ಡ ಮಿಸ್ಸೂ ಅತ್ತ ತಿರುಗಿದಳು. ಗುಬ್ಬಿಯ ಕೆನ್ನೆ ಉಬ್ಬಿತ್ತು, ಮುಖ ಕೆಂಪಗೆ ಊದಿಕೊಂಡಿತ್ತು, ಕಣ್ಣಲ್ಲಿ ನೀರು. ಪಕ್ಕದವನದೂ ಅದೇ ಗತಿ. ಗೊಂಬೆ ಅಲ್ಲಾಡದಿರಲು ಮಕ್ಕಳು ಉಸಿರನ್ನೇ ಹಿಡಿದುಕೊಂಡಿದ್ದರು.

ಮುಖ್ಯಸ್ಥೆ ಬಾಗಿಲತ್ತ ಹೊರಟಿದ್ದರು. ಅವರು ಹೊಸ್ತಿಲು ದಾಟುವವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಮುಚ್ಚಿಕೊಳ್ಳಲು ದೊಡ್ಡ ಮಿಸ್‌ಗೆ ಆಗಲಿಲ್ಲ.

"ಉಸಿರಾಡ್ರೋ ಮಕ್ಕಳಾ, ಸಾಕು, ಉಸಿರಾಡಿ."

ಕೋಣೆಯೆಲ್ಲ ಭುಸ್ಸೆಂದಿತು. ಗೊಂಬೆಗಳು ಉರುಳಿದವು. ಯಾರೋ ಕೆಮ್ಮಿದರು, ಯಾರೋ ನಕ್ಕರು, ಗುಬ್ಬಿ ಅತ್ತಳು. ಮುಖ್ಯಸ್ಥೆ ತಿರುಗಿ ನಿಂತು ಎಲ್ಲವನ್ನೂ ನೋಡಿದರು. ಏನೂ ಬೈಯಲಿಲ್ಲ, ಸೋಮವಾರದಿಂದ ಊಟದ ನಂತರ ಮಕ್ಕಳು ಪಕ್ಕದ ಕೋಣೆಗೆ ಹೋಗಲಿ ಎಂದಷ್ಟೇ ಹೇಳಿದರು.

ಸೋಮವಾರ ಸಂಜೆ ಗುಬ್ಬಿಯ ಬೂಟು ಕಟ್ಟಲು ಕೂತ ದೊಡ್ಡ ಮಿಸ್, ಕೇಳಬಾರದೆಂದುಕೊಂಡಿದ್ದನ್ನು ಕೇಳಿಯೇಬಿಟ್ಟಳು. ಆ ಮಿಸ್ ಹತ್ರ ಏನು ಮಾಡಿದಿರಿ?

"ಗೊಂಬೆಗೆ ಜೋಕಾಲಿ ಆಡಿಸಿದ್ವಿ, ಉಸಿರು ಎಳೆದ್ರೆ ಮೇಲೆ, ಬಿಟ್ರೆ ಕೆಳಗೆ. ಆ ಮಿಸ್ ಉಸಿರಾಡೋಕೆ ಬಿಡ್ತಾರೆ."

ದೊಡ್ಡ ಮಿಸ್ ದಾರವನ್ನು ಜಗ್ಗಿ ಗಂಟು ಹಾಕಿದಳು. ಮಗು ನೋವೆಂದು ಕಾಲೆಳೆದುಕೊಂಡಿತು. ಅವಳು ಗಂಟು ಬಿಚ್ಚಿ, ಸಡಿಲವಾಗಿ ಮತ್ತೆ ಕಟ್ಟಿದಳು.